ಎಡಪುಟ, ಬಲಪುಟ: ಮೂರು ವರ್ಷಗಳಿಂದ ‘ದಿ ಸಿಂಪ್ಸನ್ಸ್’

ಮೂರು ವರ್ಷಗಳಿಂದ ನಮ್ಮ ಮನೆಯಲ್ಲಿ ರಾತ್ರಿ ಊಟದ ನಂತರ ‘ದಿ ಸಿಂಪ್ಸನ್ಸ್’ ಎಂಬ ಅಮೆರಿಕದ ಕಾರ್ಟೂನ್ ಧಾರಾವಾಹಿಯ ಒಂದು ಕಂತನ್ನು ನೋಡುವ ಪದ್ಧತಿಯಿದೆ. ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ ನಾನು ಬರುವಷ್ಟರಲ್ಲಿ ಮಗಳು ನೂರು ಪುಟದ ನೋಟ್‌ಬುಕ್ಕನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡಿರುತ್ತಾಳೆ. ಎಡಪುಟದಲ್ಲಿ ಹಳೆಯ ಕಂತುಗಳನ್ನು ನೆನಪಿಸುವ ಸಂಗತಿಗಳನ್ನೂ ಬಲಪುಟದಲ್ಲಿ ಹಳೆಯದಕ್ಕೆ ಹೊಂದದ ತಪ್ಪುಗಳನ್ನೂ ಬರೆಯುತ್ತೇವೆ. ನಮ್ಮ ವಾರ್ಷಿಕ ಚಂದಾ ಹಣವೆಲ್ಲ ಈ ಒಂದು ಧಾರಾವಾಹಿಗಾಗಿಯೇ ಹೋಗುವುದರಿಂದ ಇದನ್ನು ಸ್ವಲ್ಪ ಕಟ್ಟುನಿಟ್ಟಾಗಿಯೇ ಅಳೆಯುತ್ತೇನೆ.

ಹೋಮರ್, ಮಾರ್ಜ್ ದಂಪತಿ ಮತ್ತು ಅವರ ಮಕ್ಕಳ ಸುತ್ತ 1989ರ ಡಿಸೆಂಬರ್‌ನಿಂದ ನಡೆದುಬಂದಿರುವ ಕಥೆಯಲ್ಲಿ ಸಣ್ಣ ತಪ್ಪುಗಳಿಗೆ ಲೆಕ್ಕವಿಲ್ಲ. ಮೊದಲ ಸೀಸನ್‌ನ ಒಂದು ಕಂತಿನಲ್ಲಿ ಹೋಮರ್‌ನ ಮಾಲೀಕನ ಸಹಾಯಕ ಸ್ಮಿದರ್ಸ್‌ನ ಮೈಬಣ್ಣ ಕಂದಾಗಿದ್ದು, ಆಮೇಲೆ ಎಲ್ಲರಂತೆ ಹಳದಿಯಾಗುತ್ತದೆ. ಅದು ಬಣ್ಣ ಹಚ್ಚುವಾಗ ಆದ ಪ್ರಮಾದ. ಹೋಮರ್‌ನ ಮಗ ಬಾರ್ಟ್ ಇಂದಿಗೂ ಹತ್ತು ವರ್ಷದವನಾಗಿರುವುದನ್ನಂತೂ ನಾವು ತಪ್ಪೆಂದು ಬರೆದೇ ಇಲ್ಲ. ಈ ಕಥೆ ನಿಂತಿರುವುದೇ ಪಾತ್ರಗಳಿಗೆ ವಯಸ್ಸಾಗುವುದಿಲ್ಲವೆಂಬ ಒಪ್ಪಂದದ ಮೇಲೆ.

ನನಗೆ ನಿಜವಾಗಿ ನೋವಾದದ್ದು 2008ರ ‘ದಟ್ ನೈಂಟೀಸ್ ಶೋ’ ಕಂತಿನಿಂದ. ಹೋಮರ್ ಮತ್ತು ಮಾರ್ಜ್ 1974ರಲ್ಲಿ ಹೈಸ್ಕೂಲಿನಲ್ಲಿ ಭೇಟಿಯಾದರೆಂದು 1991ರ ಆರಂಭದ ಕಂತೊಂದು ಹೇಳಿತ್ತು. ಅದೇ ವರ್ಷದ ಕೊನೆಯಲ್ಲಿ ಬಂದ ಇನ್ನೊಂದು ಕಂತಿನಲ್ಲಿ, ಮಾರ್ಜ್ ಬಾರ್ಟ್‌ಗೆ ಗರ್ಭಿಣಿಯಾದದ್ದು 1980ರಲ್ಲಿ. ಕಂತು ಪ್ರಸಾರವಾದ ಹೊತ್ತಿಗೆ ಹುಡುಗನಿಗೆ ಹತ್ತು ತುಂಬಿರಬೇಕೆಂಬ ಲೆಕ್ಕವೂ ಸರಿಹೋಗುತ್ತದೆ. ಅಷ್ಟು ಶ್ರದ್ಧೆಯಿಂದ ಕಟ್ಟಿದ ಪ್ರೇಮಕಥೆಯನ್ನು, ಇಬ್ಬರೂ ತೊಂಬತ್ತರ ದಶಕದಲ್ಲಿ ಇನ್ನೂ ಮದುವೆಯಾಗದ ಜೋಡಿಯಾಗಿದ್ದರು, ಹೋಮರ್ ಗ್ರಂಜ್ ಎಂಬ ರಾಕ್ ಸಂಗೀತದ ತಂಡ ಕಟ್ಟಿದ್ದ ಎಂದು ತಿದ್ದಿ ಬರೆದದ್ದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಇದು ಮರೆವಿನಿಂದಾದ ತಪ್ಪಾಗಿದ್ದರೆ ಸುಮ್ಮನಿರುತ್ತಿದ್ದೆ. ತಿಳಿದೂ ತಿಳಿದೂ ಹಳೆಯದನ್ನು ಅಳಿಸಿದ್ದಾರೆ ಎಂಬುದೇ ನನ್ನ ಆಕ್ಷೇಪ. ಆ ರಾತ್ರಿ ನಾವು ಬಲಪುಟವನ್ನು ಪೂರ್ತಿ ತುಂಬಿಸಿದೆವು. ಮುಂದಿನ ವರ್ಷ ಚಂದಾ ಬೇಡವೆಂದೂ ಅಂದುಕೊಂಡಿದ್ದೆ.

ಮನಸ್ಸು ಬದಲಾದದ್ದು ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುವಿದಾಗ. 1997ರಲ್ಲಿ, ಬಾರ್ಟ್‌ನ ಶಾಲೆಯ ಪ್ರಿನ್ಸಿಪಾಲ್ ಸ್ಕಿನ್ನರ್ ವಾಸ್ತವದಲ್ಲಿ ಆರ್ಮಿನ್ ಟಮ್ಜೇರಿಯನ್ ಎಂಬ ಬೇರೆಯೇ ವ್ಯಕ್ತಿ ಎಂದು ತೋರಿಸಿ, ಕೊನೆಗೆ ಆ ವಿಷಯವನ್ನು ಯಾರೂ ಎತ್ತಕೂಡದೆಂದು ನ್ಯಾಯಾಧೀಶರಿಂದ ಆಜ್ಞೆ ಮಾಡಿಸಿದ ಕಂತೂ ಇಷ್ಟೇ ದೊಡ್ಡ ಅಪರಾಧವಾಗಿತ್ತು. ಸ್ಕಿನ್ನರ್‌ಗೆ ಕಂಠ ನೀಡಿದ ಹ್ಯಾರಿ ಶಿಯರರ್ ಅವರೇ ಅದನ್ನು ಬಹಿರಂಗವಾಗಿ ಖಂಡಿಸಿದ್ದರು. ಆದರೆ 2004ರ ಕಂತೊಂದರಲ್ಲಿ ಬಾರ್ಟ್‌ನ ತಂಗಿ ಲೀಸಾಳ ಬೆಕ್ಕು ‘ಸ್ನೋಬಾಲ್ 2’ ಸಾಯುತ್ತದೆ. ಅದರ ಜಾಗಕ್ಕೆ ಬಂದ ಬೆಕ್ಕುಗಳೂ ಒಂದರ ಹಿಂದೊಂದು ಕೈತಪ್ಪಿ, ಕೊನೆಯದಕ್ಕೆ ಅವಳು ಹಳೆಯ ಹೆಸರನ್ನೇ ಇಡುತ್ತಾಳೆ. ಇದು ಮೋಸವಲ್ಲವೇ ಎಂದು ಸ್ಕಿನ್ನರ್ ಆಕ್ಷೇಪಿಸಿದಾಗ ಅವಳು ಅವನನ್ನು ‘ಪ್ರಿನ್ಸಿಪಾಲ್ ಟಮ್ಜೇರಿಯನ್’ ಎಂದು ಕರೆಯುತ್ತಾಳೆ. ಏಳು ವರ್ಷಗಳ ಹಿಂದಿನ ತಪ್ಪನ್ನು ಮುಚ್ಚಿಡದೆ, ಒಂದೇ ಸಂಬೋಧನೆಯಲ್ಲಿ ಒಪ್ಪಿಕೊಂಡ ಆ ಕ್ಷಣ ನನಗೆ ಬಹಳ ಹಿಡಿಸಿತು.

ಹಳೆಯದನ್ನು ಹಾಗೆಯೇ ಉಳಿಸಿಕೊಂಡದ್ದೂ ಇದೆ. 1995ರಲ್ಲಿ ಸಸ್ಯಾಹಾರಿಯಾದ ಲೀಸಾ ಇಂದಿಗೂ ಹಾಗೆಯೇ ಇದ್ದಾಳೆ. ಅವಳು ಮತ್ತೆ ಬದಲಾಗಬಾರದೆಂಬ ಷರತ್ತಿನ ಮೇಲೆಯೇ ಬೀಟಲ್ಸ್ ತಂಡದ ಗಾಯಕ ಪಾಲ್ ಮ್ಯಾಕಾರ್ಟ್ನಿ ಆ ಕಂತಿನಲ್ಲಿ ಪಾತ್ರವಹಿಸಲು ಒಪ್ಪಿದ್ದರು. ಮೊದಲ ಕಂತಿನ ಕ್ರಿಸ್‌ಮಸ್ ರಾತ್ರಿ ಓಟದಲ್ಲಿ ಸೋತು ಮನೆ ಸೇರಿದ ನಾಯಿಯೂ ಅಲ್ಲೇ ಇದೆ.

ಹೊಸದಾಗಿ ನೋಡುವವರು ಆಯ್ದ ಕಂತುಗಳ ಪಟ್ಟಿಗಳನ್ನು ಬಿಟ್ಟು ಕ್ರಮವಾಗಿ ನೋಡುವುದು ಒಳ್ಳೆಯದು. 1990ರ ಕಂತೊಂದರಲ್ಲಿ ಹೋಮರ್ ಕಣಿವೆಗೆ ಬಿದ್ದಾಗ ಅವನನ್ನು ಒಯ್ಯಲು ಬಂದ ಆಂಬ್ಯುಲೆನ್ಸ್ ಹೊರಟೊಡನೆ ಮರಕ್ಕೆ ಗುದ್ದುತ್ತದೆ. ಇದೇ ಧಾರಾವಾಹಿಯ 2007ರ ಚಲನಚಿತ್ರದಲ್ಲಿ ಆ ಆಂಬ್ಯುಲೆನ್ಸ್ ಅದೇ ಮರದ ಬಳಿ ಹಾಗೆಯೇ ನಿಂತಿದೆ. ಅದನ್ನು ಮೊದಲು ಗುರುತಿಸಿದವಳು ನನ್ನ ಮಗಳು. ಚಿತ್ರವನ್ನು ನಿಲ್ಲಿಸಿ, ಎಡಪುಟದಲ್ಲಿ ಬರೆದುಕೊಂಡ ಮೇಲೆಯೇ ಮುಂದುವರಿಸಲು ಬಿಟ್ಟಳು.