ಪುಣೆಯ ಸ್ಟ್ರಾಬೆರಿ ಕಿಟ್: ಸಸಿಗೆ ಭೇಷ್, ಮಣ್ಣಿಗೆ ಬೈಗುಳ

ಗಣೇಶನ ಹಬ್ಬ ಮುಗಿದು ಮಳೆ ಇಳಿಯುತ್ತಿದ್ದಂತೆ ಪುಣೆಯ ನರ್ಸರಿಗಳಲ್ಲಿ ಈ ಕಿಟ್ ಕಾಣಿಸಿಕೊಳ್ಳುತ್ತದೆ: ಆರು ಸಸಿ, ಆರು ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ), ಒಂದು ಚೀಲ ಮಣ್ಣು. ಸಸಿ ಮಹಾಬಳೇಶ್ವರದ ಕಡೆಯದು, ವಿಂಟರ್ ಡಾನ್ ತಳಿ. ಬೇಗ ಕಾಯಿ ಬಿಡುವುದರಿಂದ ಬಾಲ್ಕನಿಗೆ ಒಳ್ಳೆಯ ಆಯ್ಕೆ. ಬೇರು ಬಿಳಿಯಾಗಿದೆ, ನಡುವಿನ ಸುಳಿ ಒತ್ತಿದರೂ ಗಟ್ಟಿ. ಕೊಳ್ಳುವಾಗ ನೋಡಬೇಕಾದ್ದು ಇದನ್ನೇ, ಎಲೆ ಎಷ್ಟು ಹಸಿರು ಅನ್ನೋದನ್ನಲ್ಲ.

ತಕರಾರು ಮಣ್ಣಿನದು. 'ಲಾಲ್ ಮಾತಿ' (ಕೆಂಪು ಮಣ್ಣು) ಅಂತ ಕೊಟ್ಟಿರುವುದು ಅಂಟು ಮಣ್ಣು. ನೀರು ಹಾಕಿದ ಮೂರನೇ ದಿನಕ್ಕೆ ಇಟ್ಟಿಗೆ! ಸ್ಟ್ರಾಬೆರಿ ಬೇರು ಆಳಕ್ಕೆ ಇಳಿಯುವುದಿಲ್ಲ, ಮೇಲ್ಪದರ ಗಟ್ಟಿಯಾದರೆ ಗಿಡ ಸೊರಗುತ್ತದೆ. ಎರಡು ಪಾಲು ಮಣ್ಣಿಗೆ ಎರಡು ಪಾಲು ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ ಬೆರೆಸಿಯೇ ನೆಡಿ.

ಜೊತೆಗಿರುವ ಚೀಟಿಯಲ್ಲಿ 'ಆಳವಾಗಿ ನೆಡಿ' ಎಂದಿದೆ. ಶುದ್ಧ ತಪ್ಪು. ಸುಳಿ ಮಣ್ಣಿನ ಮಟ್ಟದಲ್ಲೇ ಕೂರಬೇಕು: ಹೂತರೆ ಕೊಳೆಯುತ್ತದೆ, ಮೇಲೆದ್ದರೆ ಒಣಗುತ್ತದೆ. 8 ಇಂಚಿನ ಚೀಲಕ್ಕೆ ಒಂದೇ ಸಸಿ. ಮೊದಲು ಬಂದ ಹೂ ಚಿವುಟಿ, ಗಿಡದಿಂದ ಪಕ್ಕಕ್ಕೆ ಚಾಚುವ ಹಬ್ಬುಬಳ್ಳಿ ಕತ್ತರಿಸಿ. ಕಾಯಿ ಮಣ್ಣಿಗೆ ತಾಗದಂತೆ ಕಬ್ಬಿನ ರವದಿ (ಒಣಗಿದ ಎಲೆ) ಹಾಸಿ. ಕಬ್ಬಿನ ಹಾಲಿನ ಅಂಗಡಿಯ ಸಿಪ್ಪೆ ಬೇಡ, ಇರುವೆ ಮುತ್ತುತ್ತವೆ.

ಫೆಬ್ರವರಿ ಬಿಸಿಲಿಗೆ ಎಲೆಯಡಿ ಕೆಂಪು ಜೇಡನುಸಿ ಬರುತ್ತದೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತು ಎಲೆಯ ಕೆಳಗಡೆಗೇ ಸಿಂಪಡಿಸಿ.

ಕಿಟ್ ಬೇಡ, ಸಸಿ ಬಿಡಿಯಾಗಿ ಕೇಳಿ. ಕೊಡುತ್ತಾರೆ.