ಇಳಿಯುವುದಕ್ಕಿಂತ ಏಳುವುದೇ ಕಷ್ಟ: ಡ್ರಿಲ್ ಪ್ರೆಸ್‌ಗೆ ಹಾಕುವ ಮಾರ್ಟೈಸಿಂಗ್ ಅಟ್ಯಾಚ್‌ಮೆಂಟ್

ಡ್ರಿಲ್ ಪ್ರೆಸ್‌ಗೆ, ಅಂದರೆ ಕಂಬಕ್ಕೆ ಕೂರಿಸಿದ ಡ್ರಿಲ್ ಮೆಷಿನ್‌ಗೆ, ಸಿಕ್ಕಿಸಿ ಚೌಕ ತೂತು ಕೊರೆಯುವ ಈ ಅಟ್ಯಾಚ್‌ಮೆಂಟ್‌ನ ವಿಡಿಯೊಗಳಲ್ಲಿ ಅದರ ಟೊಳ್ಳು ಚೌಕ ಉಳಿ ಮರದೊಳಗೆ ಇಳಿಯುವುದನ್ನು ಎಲ್ಲರೂ ತೋರಿಸುತ್ತಾರೆ. ಮೇಲೆ ಬರುವುದನ್ನು ಮಾತ್ರ ಯಾರೂ ಸರಿಯಾಗಿ ತೋರಿಸುವುದಿಲ್ಲ. ನನ್ನ ತಕರಾರು ಪೂರ್ತಿ ಇರುವುದು ಅಲ್ಲೇ. ಹಲಸಿನ ಮರದಲ್ಲಿ ಅರ್ಧ ಇಂಚಿನ ಉಳಿಯನ್ನು ಒಂದಿಂಚು ಆಳಕ್ಕೆ ಇಳಿಸಿ ಹ್ಯಾಂಡಲ್ ಹಿಂದಕ್ಕೆ ತಿರುಗಿಸಿ ನೋಡಿ. ಉಳಿ ಬಿಡುವುದಿಲ್ಲ, ಮರವೇ ಉಳಿಯ ಜೊತೆ ಎದ್ದು ಬರುತ್ತದೆ. ಅದನ್ನು ಒತ್ತಿ ಹಿಡಿಯಲಿಕ್ಕೆಂದೇ ಸೆಟ್‌ನಲ್ಲಿ ಹೋಲ್ಡ್‌ಡೌನ್ ಅಂತ ಎರಡು ಕವಲಿನ ಕಬ್ಬಿಣದ ತುಂಡು ಒಂದುಂಟು. ಅದು ನಿಂತಿರುವುದು ಸಪೂರ ರಾಡಿನ ಮೇಲೆ, ರಾಡನ್ನು ಹಿಡಿದಿರುವುದು ಬೆರಳಲ್ಲಿ ತಿರುಗಿಸುವ ಒಂದು ಸ್ಕ್ರೂ. ಎಷ್ಟು ಬಿಗಿದರೂ ಸ್ವಲ್ಪ ಹೊತ್ತಿಗೆ ಜಾರುತ್ತದೆ. ಇಡೀ ಸೆಟ್‌ನಲ್ಲಿ ಅತಿ ಹೆಚ್ಚು ಬಲ ಬೀಳುವ ಜಾಗಕ್ಕೆ ಇವರು ಅತಿ ಬಡಪಾಯಿ ಸ್ಕ್ರೂ ಕೊಟ್ಟದ್ದು ಎಂತಕ್ಕೆ ಅಂತ ನನಗೆ ಈಗಲೂ ಅರ್ಥವಾಗಿಲ್ಲ.

ನಾನು ವೃತ್ತಿಯ ಬಡಗಿ ಅಲ್ಲ. ಸುರತ್ಕಲ್ ಕಡೆ ಮನೆ, ಹಿಂದೆ ಶೀಟು ಹಾಕಿದ ಒಂದು ಶೆಡ್. ಹಳೆ ಮನೆ ಕೆಡವಿದಾಗ ಇಳಿಸಿಟ್ಟ ಮಾಡಿನ ಹಲಸಿನ ಪಕ್ಕಾಸು, ಕಿರಾಲ್‌ಬೋಗಿ ಅನ್ನುವ ಗಟ್ಟಿ ಮರದ ಒಂದಷ್ಟು ತುಂಡುಗಳು ಇದ್ದವು. ಅವುಗಳಿಂದ ಸ್ಟೂಲು, ಬೆಂಚು, ಕಿಟಕಿ ಚೌಕಟ್ಟು ಮಾಡುವುದು ರಜಾದಿನದ ಕೆಲಸ. ಚೌಕ ತೂತಿಗೆಂದೇ ಬರುವ ಪ್ರತ್ಯೇಕ ಮೆಷಿನ್‌ಗೆ ಇದರ ಹಲವು ಪಟ್ಟು ಹಣ ಬೇಕು, ಇಡಲಿಕ್ಕೆ ಜಾಗವೂ ಬೇಕು. ಡ್ರಿಲ್ ಪ್ರೆಸ್ ಮೊದಲೇ ಇತ್ತು. ಹಾಗಾಗಿ ಇದನ್ನು ತರಿಸಿದೆ. ಈ ಲೆಕ್ಕಾಚಾರ ನಿಮ್ಮದೂ ಆಗಿದ್ದರೆ ಮಾತ್ರ ಮುಂದಿನದ್ದು ಉಪಯೋಗಕ್ಕೆ ಬಂದೀತು.

ಬಂದ ದಿನವೇ ಹಾಕಿ ಕೊರೆಯಬಹುದು ಅಂದುಕೊಳ್ಳಬೇಡಿ. ಉಳಿಯನ್ನು ಹಿಡಿಯುವ ಯೋಕ್ ಡ್ರಿಲ್ ಪ್ರೆಸ್‌ನ ಕ್ವಿಲ್‌ಗೆ, ಅಂದರೆ ಹ್ಯಾಂಡಲ್ ತಿರುಗಿಸಿದಾಗ ಇಳಿದು ಏರುವ ಕೊಳವೆಗೆ, ಕಚ್ಚಿಕೊಳ್ಳಬೇಕು. ಕ್ವಿಲ್‌ನ ದಪ್ಪ ಒಂದೊಂದು ಮೆಷಿನ್‌ಗೆ ಒಂದೊಂದು. ಎರಡರ ನಡುವಿನ ಸಂದು ತುಂಬಲಿಕ್ಕೆ ಜೊತೆಗೆ ಕೊಟ್ಟ ಬುಶ್ (ಉಂಗುರ) ಯಾವುದೂ ನನ್ನದಕ್ಕೆ ಸರಿಹೊಂದಲಿಲ್ಲ. ಬೈಕಂಪಾಡಿಯ ಒಂದು ಲೇತ್ ಅಂಗಡಿಯಲ್ಲಿ ಹೊಸ ಬುಶ್ ಕಡೆಸಿಕೊಂಡೆ. ಕಡೆದುಕೊಟ್ಟವರು ಉಳಿಯ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಚೌಕ ಉಳಿ ತಿರುಗುವುದು ಹೇಗೆ ಸಾರ್?" ಅಂತ ಕೇಳಿದರು. ತಿರುಗುವುದಿಲ್ಲ. ತಿರುಗುವುದು ಅದರ ಹೊಟ್ಟೆಯೊಳಗಿನ ಬಿಟ್ಟು, ಅಂದರೆ ಡ್ರಿಲ್ ಬಿಟ್, ಮಾತ್ರ. ಚೌಕದೊಳಗೆ ಕೂರುವ ವೃತ್ತ ಆ ಚೌಕದ ಶೇಕಡಾ 78ರಷ್ಟನ್ನು ಮಾತ್ರ ತುಂಬುತ್ತದೆ. ಬಿಟ್ಟು ಅಷ್ಟನ್ನು ತೆಗೆಯುತ್ತದೆ. ನಾಲ್ಕು ಮೂಲೆಯಲ್ಲಿ ಉಳಿದ 22ನ್ನು ಉಳಿ ಕತ್ತರಿಸಬೇಕು, ಅದೂ ನಮ್ಮ ರಟ್ಟೆಯ ಬಲದಿಂದ. ಕಾಲು ಇಂಚಿನ ಉಳಿಗೆ ಇದು ಗೊತ್ತೇ ಆಗುವುದಿಲ್ಲ. ಅರ್ಧ ಇಂಚಿಗೆ ಬಂದಾಗ ಡ್ರಿಲ್ ಪ್ರೆಸ್‌ನ ಪುಟ್ಟ ಹ್ಯಾಂಡಲ್ ಈ ಕೆಲಸಕ್ಕೆ ಹುಟ್ಟಿದ್ದಲ್ಲ ಅಂತ ಭುಜವೇ ಹೇಳುತ್ತದೆ. ಹ್ಯಾಂಡಲ್‌ಗೆ ಪೈಪು ಸಿಕ್ಕಿಸಿ ಒತ್ತುವವರು ಇದ್ದಾರೆ. ಒಳಗಿನ ಹಲ್ಲು ಹೋದರೆ ಡ್ರಿಲ್ ಪ್ರೆಸ್ಸೇ ಹೋಯಿತು, ನಾನಂತೂ ಆ ಕೆಲಸಕ್ಕೆ ಇಳಿಯುವುದಿಲ್ಲ.

ಇನ್ನೊಂದು, ಅಷ್ಟು ಒತ್ತಿದಾಗ ಮೆಷಿನ್‌ನ ಟೇಬಲ್ ಮುಂದಕ್ಕೆ ಬಗ್ಗುತ್ತದೆ, ತೂತು ಓರೆಯಾಗುತ್ತದೆ. ಟೇಬಲ್‌ಗೂ ಬುಡಕ್ಕೂ ನಡುವೆ ಅಳತೆಗೆ ಕೊಯ್ದ ಒಂದು ಪಕ್ಕಾಸಿನ ತುಂಡು ಊರುಗೋಲು ಕೊಟ್ಟ ಮೇಲೆ ಆ ತೊಂದರೆ ಮುಗಿಯಿತು. ಖರ್ಚು ಸೊನ್ನೆ.

ಹೊಂದಿಸುವ ಕೆಲಸ ಮಾತ್ರ ನನಗೆ ಇಷ್ಟ, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಚಹಾ ಲೋಟ ಬೆಂಚಿನ ಮೇಲಿಟ್ಟು ಶುರು ಮಾಡಿದರೆ ಲೋಟ ತಣ್ಣಗಾಗುವಷ್ಟು ಹೊತ್ತು ಬೇಕು. ಬಿಟ್ಟಿನ ಕೆಳತುದಿಯ ಅಗಲ ತಲೆಗೂ ಉಳಿಯ ಬಾಯಿಗೂ ನಡುವೆ ಒಂದು ಮಿಲಿಮೀಟರಿಗಿಂತ ಚೂರು ಜಾಸ್ತಿ ಸಂದು ಬೇಕು. ಸಂದು ಇಲ್ಲದಿದ್ದರೆ ಉಕ್ಕಿಗೆ ಉಕ್ಕು ಉಜ್ಜಿ ಕಿರುಚುತ್ತದೆ, ಉಳಿಯ ತುದಿ ಬಿಸಿಯಾಗಿ ನೀಲಿಗಟ್ಟುತ್ತದೆ, ಹಾಗೆ ನೀಲಿಗಟ್ಟಿದ ಉಕ್ಕು ಹದ ಕಳೆದುಕೊಂಡ ಹಾಗೆ. ಸಂದು ಜಾಸ್ತಿಯಾದರೆ ಚಕ್ಕೆ ಉಳಿಯೊಳಗೆ ಏರದೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ನನ್ನ ಅಳತೆಗೋಲು ಒಂದು ರೂಪಾಯಿಯ ನಾಣ್ಯ. ಉಳಿಯ ಹೆಗಲಿಗೂ (ಮೇಲಿನ ದಪ್ಪ ಭಾಗ) ಯೋಕ್‌ಗೂ ನಡುವೆ ನಾಣ್ಯ ಇಟ್ಟು ಉಳಿಯನ್ನು ಬಿಗಿಯುವುದು, ಬಿಟ್ಟನ್ನು ಉಳಿಯ ಬಾಯಿಗೆ ತಾಗುವಷ್ಟು ಮೇಲಕ್ಕೆ ದೂಡಿ ಅದನ್ನು ಹಿಡಿಯುವ ಚಕ್ ಬಿಗಿಯುವುದು, ನಾಣ್ಯ ತೆಗೆದು ಉಳಿಯನ್ನು ಹೆಗಲವರೆಗೆ ಏರಿಸಿ ಮತ್ತೆ ಬಿಗಿಯುವುದು. ನಾಣ್ಯದ ದಪ್ಪವೇ ಸಂದು. ಆಮೇಲೆ ಮೂಲೆಮಟ್ಟ (ಟ್ರೈ ಸ್ಕ್ವೇರ್) ಇಟ್ಟು ಉಳಿಯ ಮುಖ ಮರ ಒರಗುವ ಪಟ್ಟಿಗೆ, ಅಂದರೆ ಫೆನ್ಸ್‌ಗೆ, ಸಮ ಇದೆಯೇ ಅಂತ ನೋಡುವುದು. ಇಲ್ಲಿ ಕೂದಲೆಳೆ ತಪ್ಪಿದರೆ ತೂತಿನ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಚಕ್ಕೆ ಹೊರಬೀಳುವ ಸೀಳನ್ನು ಬದಿಗೆ ತಿರುಗಿಸಿಡಿ, ಫೆನ್ಸ್ ಕಡೆಗಲ್ಲ. ಆ ಸೀಳಿನಿಂದ ಹಲಸಿನ ಹಳದಿ ಚಕ್ಕೆ ಸುರುಳಿ ಸುರುಳಿಯಾಗಿ ಬೆಚ್ಚಗೆ ಕೈಮೇಲೆ ಬೀಳತೊಡಗಿದರೆ ಎಲ್ಲ ಸರಿ ಇದೆ ಅಂತ ಲೆಕ್ಕ.

ಮರ ಹಳೆಯದಾದರೆ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ. ಪಕ್ಕಾಸಿನಲ್ಲಿ ಅಜ್ಜನ ಕಾಲದ ಮೊಳೆಗಳು ಎಲ್ಲೆಲ್ಲೋ ಇರುತ್ತವೆ.

ಮತ್ತೆ ಉಳಿ ಮರದಲ್ಲಿ ಸಿಕ್ಕಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ಮೊದಲ ಮಳೆಗಾಲವಿಡೀ ಇದನ್ನು ಬೈಯುತ್ತಲೇ ಕಳೆದೆ. ಮಾರಿಬಿಡುವ ಯೋಚನೆಯೂ ಇತ್ತು. ನಮ್ಮ ಬಾಗಿಲು ರಿಪೇರಿಗೆ ಬಂದ ಆಚಾರ್ರು ಒಬ್ಬರು ಶೆಡ್‌ಗೆ ಬಂದು ಇದರ ಕುಸ್ತಿ ನೋಡಿದರು. ಮೆಷಿನ್ ಬಗ್ಗೆ ಏನೂ ಹೇಳಲಿಲ್ಲ. ಉಳಿಯನ್ನು ಬಿಚ್ಚಿ ಕೊಡಲಿಕ್ಕೆ ಹೇಳಿ, ಹೊರಮೈಯನ್ನು ಹೆಬ್ಬೆರಳಿನಿಂದ ಸವರಿ, "ಇದು ಉಳಿ ಅಲ್ಲ ಮಾರಾಯ್ರೆ, ಅರ" ಅಂದರು. ಹೌದು, ಫ್ಯಾಕ್ಟರಿಯ ಗ್ರೈಂಡಿಂಗ್ ಗೀರುಗಳು ನಾಲ್ಕೂ ಮುಖದಲ್ಲಿ ಅಡ್ಡಡ್ಡಕ್ಕೆ ಇದ್ದವು. ಆ ಗೀರುಗಳೇ ಮರದ ಗೋಡೆಯನ್ನು ಹಿಡಿದುಕೊಳ್ಳುತ್ತಿದ್ದದ್ದು.

ಅವರೇ ಹೇಳಿದಂತೆ ನಯವಾದ ಎಣ್ಣೆಕಲ್ಲಿನ ಮೇಲೆ ನಾಲ್ಕು ಮುಖಗಳನ್ನೂ ಕನ್ನಡಿಯ ಹೊಳಪು ಬರುವವರೆಗೆ ಉಜ್ಜಿದೆ. ಹೊಳಪಿಗೆ ಎಷ್ಟು ಬೇಕೋ ಅಷ್ಟೇ. ಜಾಸ್ತಿ ಸವೆಸಿದರೆ ಉಳಿಯ ಅಗಲ ಕಡಿಮೆಯಾಗಿ, ಬಿಟ್ಟಿನ ತಲೆ ಹೊರಗೆ ಚಾಚಿ ತೂತಿನ ಗೋಡೆ ಗೀರುತ್ತದೆ. ಒಳಬಾಯಿಯ ಹರಿತಕ್ಕೆ ಕೋನ್ ಆಕಾರದ ಕಲ್ಲು ಬೇರೆಯೇ ತರಿಸಬೇಕಾಯಿತು. ಅಂಚಿಗೆ ಆಗಾಗ ಮೇಣದಬತ್ತಿ ತಾಗಿಸುತ್ತೇನೆ. ಇದಾದ ಮೇಲೆ ಅದೇ ಹಲಸು, ಅದೇ ಅರ್ಧ ಇಂಚು, ಉಳಿ ಮೇಲೆ ಬರುವಾಗ ಸಣ್ಣ ಒಂದು ಟಕ್ ಶಬ್ದ, ಅಷ್ಟೇ. ಇಂತಹ ಕೆಲಸ ಕೊಳ್ಳುವವನ ತಲೆಗೆ ಕಟ್ಟಿದ್ದಕ್ಕೆ ಕಂಪನಿಯ ಮೇಲೆ ಸಿಟ್ಟು ಹೋಗಿಲ್ಲ, ಆದರೆ ಅಟ್ಯಾಚ್‌ಮೆಂಟ್‌ನ ಮೇಲಿದ್ದ ಸಿಟ್ಟು ಇಳಿಯಿತು. ಹೋಲ್ಡ್‌ಡೌನ್‌ನ ಸ್ಕ್ರೂ ಕಿತ್ತು ಸ್ಪ್ಯಾನರ್‌ನಲ್ಲಿ ಬಿಗಿಯುವ ಬೋಲ್ಟ್ ಹಾಕಿದ್ದೇನೆ, ಕಿರಾಲ್‌ಬೋಗಿ ಕೊರೆಯುವಾಗ ಅದರ ಜೊತೆ ಎರಡು ಜಿ ಕ್ಲಾಂಪನ್ನೂ ಹಾಕುತ್ತೇನೆ.

ಉದ್ದದ ತೂತು ಕೊರೆಯುವವರಿಗೆ ಒಂದು ಮಾತು. ಮೊದಲು ಎರಡು ತುದಿ ಕೊರೆಯಿರಿ, ಆಮೇಲೆ ನಡುವೆ ಒಂದು ಬಿಟ್ಟು ಒಂದು, ಕೊನೆಗೆ ಉಳಿದ ಗೋಡೆಗಳು. ಒಂದಕ್ಕೊಂದು ತಾಗಿಸಿ ಸಾಲಾಗಿ ಹೋದರೆ ಉಳಿ ಖಾಲಿ ಇರುವ ಕಡೆಗೆ ಬಾಗುತ್ತದೆ. ವೇಗ ನಾನು ಅರ್ಧ ಇಂಚಿಗೆ ನಿಮಿಷಕ್ಕೆ ಸಾವಿರ ಸುತ್ತಿನೊಳಗೇ ಇಡುವುದು.

ನಮ್ಮ ಊರಿನ ಜೂನ್ ಬಂತೆಂದರೆ ಉಳಿಯ ಒಳಗೋಡೆಗೆ ತುಕ್ಕು ಹಿಡಿಯುತ್ತದೆ, ಅಲ್ಲಿಗೆ ಬಟ್ಟೆ ಹೋಗುವುದಿಲ್ಲ. ತೆಂಗಿನೆಣ್ಣೆ ಹಚ್ಚಿದರೆ ಅಂಟಾಗಿ ಹೊಟ್ಟು ಕಚ್ಚುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ನಾಲ್ಕು ಹನಿ ಬಿಟ್ಟು ಡಬ್ಬಿಯಲ್ಲಿಡುತ್ತೇನೆ. ಮರಕ್ಕೆ ಎಣ್ಣೆ ತಾಗಿದರೆ ಅಂಟು ಹಿಡಿಯುವುದಿಲ್ಲ, ಹಾಗಾಗಿ ಕೊರೆಯುವ ಮೊದಲು ರದ್ದಿ ತುಂಡೊಂದರಲ್ಲಿ ಕೆಲವು ತೂತು ಹೊಡೆದು ಒರೆಸಬೇಕು.

ಹೋಗದ ತೊಂದರೆ ಒಂದೇ. ಇದು ಹಾಕಿರುವಷ್ಟು ಹೊತ್ತು ಡ್ರಿಲ್ ಪ್ರೆಸ್ ಬೇರೆ ಯಾವ ಕೆಲಸಕ್ಕೂ ಇಲ್ಲ. ಹೆಂಡತಿ ಹೂಕುಂಡದ ಸ್ಟ್ಯಾಂಡ್‌ಗೆ ಎರಡು ತೂತು ಬೇಕು ಅಂದರೆ "ನಾಡಿದ್ದು" ಅನ್ನಬೇಕಾಗುತ್ತದೆ. ಹಾಗಾಗಿ ಈಗ ಎಲ್ಲ ತುಂಡುಗಳಿಗೂ ಗುರುತು ಹಾಕಿಟ್ಟುಕೊಂಡು ತಿಂಗಳಿಗೊಮ್ಮೆ ಒಟ್ಟಿಗೆ ಕೊರೆಯುತ್ತೇನೆ. ದಿನಾ ಚೌಕಟ್ಟು ಮಾಡಿ ಮಾರುವವರಿಗೆ ಇದು ಆಗುವ ಹೋಗುವ ಮಾತಲ್ಲ, ಅವರು ಸಾಲ ಮಾಡಿಯಾದರೂ ಪ್ರತ್ಯೇಕ ಮೆಷಿನ್ ತೆಗೆದುಕೊಳ್ಳಲಿ. ನನ್ನಂಥವರಿಗೆ ಐದರಲ್ಲಿ ಮೂರು ಸ್ಟಾರ್. ಸ್ಕ್ರೂ ಬದಲು ಅವರೇ ಬೋಲ್ಟ್ ಕೊಟ್ಟಿದ್ದರೆ ನಾಲ್ಕು. ಆರ್ಡರ್ ಮಾಡುವ ಮೊದಲು ಕ್ವಿಲ್‌ನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು, ಅಂಗಡಿಯವರ ಹತ್ತಿರ ಬುಶ್‌ನ ಅಳತೆ ಬರಹದಲ್ಲೇ ಕೇಳಿಕೊಳ್ಳಿ.