ಜಿಂಕ್ ಆಕ್ಸೈಡ್ ಡಯಾಪರ್ ಕ್ರೀಮ್: ಕಾಸರಗೋಡಿನ ಮಳೆಗಾಲದಲ್ಲೂ ಬಳಸಿದ ಮೇಲೆ

ಟ್ಯೂಬಿನ ಮುಂದಿರುವ ಮಗುವಿನ ಚಿತ್ರ ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ. ಜಿಂಕ್ ಆಕ್ಸೈಡ್ ಶೇ. ಎಷ್ಟಿದೆ ಎಂಬುದರ ಮೇಲೆ ಈ ಕ್ರೀಮಿನ ಯೋಗ್ಯತೆ ನಿಂತಿದೆ. ದಿನನಿತ್ಯದ ರಕ್ಷಣೆಗೆ ಶೇ. 10ರ ಆಸುಪಾಸು ಸಾಕು. ಚರ್ಮ ಆಗಲೇ ಕೆಂಪಾಗಿ, ಒರೆಸುವಾಗ ಮಗು ಚೀರುತ್ತಿದ್ದರೆ ಶೇ. 40ರವರೆಗಿನ ದಪ್ಪ ಪೇಸ್ಟ್ ಒಳ್ಳೆಯದು. ಸುವಾಸನೆ ಬೆರೆಸಿದ್ದು ಬೇಡ, ಉರಿಯುವ ಚರ್ಮಕ್ಕೆ ಅದೇ ಇನ್ನೊಂದು ಕಿರಿಕಿರಿ.

ಇದು ಗುಣಪಡಿಸುವ ಮದ್ದಲ್ಲ, ಅಡ್ಡ ನಿಲ್ಲುವ ಗೋಡೆ. ಚಂಡಿಯಾದ ಚರ್ಮ ನೆನೆದು ಮೆತ್ತಗಾಗುತ್ತದೆ, ಡಯಾಪರ್ ಉಜ್ಜಿದಾಗ ಬೇಗ ಕೆತ್ತುತ್ತದೆ. ಮೂತ್ರ ಮತ್ತು ಮಲ ಬೆರೆತರೆ ಇನ್ನೂ ಕಷ್ಟ: ಮಲದ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಅಮೋನಿಯ ಮಾಡುತ್ತವೆ, ಚರ್ಮದ ಆಮ್ಲೀಯತೆ ಕಡಿಮೆಯಾಗುತ್ತದೆ, ಆಗ ಮಲದಲ್ಲಿರುವ ಜೀರ್ಣರಸಗಳು ಚರ್ಮವನ್ನೇ ತಿನ್ನಲು ತೊಡಗುತ್ತವೆ. ಭೇದಿಯಾದಾಗ ಒಂದೇ ರಾತ್ರಿಯಲ್ಲಿ ಕೆಂಪಾಗುವುದು ಇದರಿಂದ. ಗಟ್ಟಿ ಆಹಾರ ಶುರುವಾದ ಮೇಲೆ, 9ರಿಂದ 12 ತಿಂಗಳ ಪ್ರಾಯದಲ್ಲಿ, ಈ ತೊಂದರೆ ಹೆಚ್ಚು.

ಕ್ರೀಮ್ ಪ್ರಯೋಜನವಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಹಚ್ಚುವ ಕ್ರಮದಲ್ಲೇ ಎಡವಿರುತ್ತಾರೆ. ಉಗುರುಬೆಚ್ಚಗಿನ ನೀರು, ಮೆತ್ತನೆಯ ಹತ್ತಿ ಬಟ್ಟೆ ಸಾಕು. ಕಡಲೆಹಿಟ್ಟು, ಹೆಸರುಹಿಟ್ಟು ಹಾಕಿ ತಿಕ್ಕಬೇಡಿ. ಒತ್ತಿ ನೀರು ತೆಗೆದು, 10-15 ನಿಮಿಷ ಗಾಳಿಗೆ ಬಿಡಿ. ಚಂಡಿ ಚರ್ಮದ ಮೇಲೆ ಹಚ್ಚಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ದೋಸೆಗೆ ಎಣ್ಣೆ ಸವರಿದ ಹಾಗಲ್ಲ, ಅಡಿಯ ಕೆಂಪು ಕಾಣದಷ್ಟು ದಪ್ಪಕ್ಕೆ ಮೆತ್ತಬೇಕು. ಮುಂದಿನ ಸಲ ಬದಲಿಸುವಾಗ ಗಲೀಜಾದ ಮೇಲ್ಪದರ ಮಾತ್ರ ತೆಗೆದು, ಅದರ ಮೇಲೆಯೇ ಮತ್ತೆ ಹಚ್ಚಿ. ಪ್ರತಿ ಸಲ ಪೂರ್ತಿ ಕೆರೆದು ತೆಗೆದರೆ ಆಗಷ್ಟೇ ಬಂದ ಹೊಸ ಚರ್ಮವೂ ಕಿತ್ತುಬರುತ್ತದೆ. ಮೀಯಿಸುವ ಮೊದಲು ಹತ್ತಿಗೆ ತೆಂಗಿನೆಣ್ಣೆ ಹಾಕಿ ಒರೆಸಿದರೆ ಉಳಿದದ್ದು ನೋವಿಲ್ಲದೆ ಬಿಡುತ್ತದೆ.

ಬಟ್ಟೆಯ ಡಯಾಪರಿಗೆ ಈ ಪೇಸ್ಟ್ ಅಂಟಿದರೆ ನೂಲು ನೀರು ಹೀರುವುದಿಲ್ಲ, ಬಿಳಿ ಕಲೆಯೂ ಹೋಗುವುದಿಲ್ಲ. ಇದು ನಿಜವಾದ ಕೊರತೆ. ಹಳೆ ಬೈರಾಸಿನ ತೆಳು ತುಂಡೊಂದನ್ನು ನಡುವೆ ಹಾಕಿದರೆ ಪರಿಹಾರ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಬಟ್ಟೆ ಒಣಗುವುದೇ ಕಷ್ಟ. ಅರೆ ಒಣಗಿದ್ದನ್ನು ಇಸ್ತ್ರಿ ಹಾಕದೆ ಕಟ್ಟಬೇಡಿ. ಆಂಟಿಸೆಪ್ಟಿಕ್ ದ್ರಾವಣದಲ್ಲಿ ಅದ್ದಿ ಹಾಗೇ ಒಣಗಿಸುವ ಅಭ್ಯಾಸವೂ ಬೇಡ, ಉಳಿದ ರಾಸಾಯನಿಕ ಚರ್ಮ ಸುಡುತ್ತದೆ. ಮಳೆಗಾಲದ ರಾತ್ರಿಗೆ ಜೆಲ್ ಇರುವ ಬಿಸಾಡುವ ಡಯಾಪರೇ ಚಂಡಿ ಬಟ್ಟೆಗಿಂತ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ಪ್ಯಾಕಿನ ಮೇಲಿನ 12 ಗಂಟೆ ಎಂಬುದು ಹೀರುವ ಸಾಮರ್ಥ್ಯದ ಲೆಕ್ಕ, ಚರ್ಮದ ಲೆಕ್ಕವಲ್ಲ. ಹಗಲಲ್ಲಿ 2-3 ಗಂಟೆಗೊಮ್ಮೆ, ಮಲ ಮಾಡಿದರೆ ಕೂಡಲೇ ಬದಲಿಸಿ.

ಪೌಡರ್ ಈ ಕ್ರೀಮಿನ ಜಾಗಕ್ಕೆ ಬರುವುದಿಲ್ಲ. ಟಾಲ್ಕ್ ಮಗುವಿನ ಶ್ವಾಸಕ್ಕೆ ಹೋಗುತ್ತದೆ. ಬೋರಿಕ್ ಪೌಡರ್ ಕೆತ್ತಿದ ಚರ್ಮದ ಮೂಲಕ ಮೈಗೆ ಸೇರಿ ವಿಷವಾಗಬಹುದು.

ಮೂರು ದಿನ ಸರಿಯಾಗಿ ಹಚ್ಚಿಯೂ ಇಳಿಯದಿದ್ದರೆ ತೊಡೆಸಂದು ಬಿಡಿಸಿ ನೋಡಿ. ತೇವದಿಂದಾದ ಕೆಂಪು ಉಬ್ಬಿದ ಜಾಗದಲ್ಲಿ ಹೆಚ್ಚು, ಮಡಿಕೆಯೊಳಗೆ ಕಡಿಮೆ. ಮಡಿಕೆಯೊಳಗೇ ಗಾಢ ಕೆಂಪು, ಅಂಚಿನಾಚೆ ಬಿಡಿಬಿಡಿ ಗುಳ್ಳೆ ಇದ್ದರೆ ಅದು ಕ್ಯಾಂಡಿಡಾ ಶಿಲೀಂಧ್ರ. ಆಂಟಿಬಯಾಟಿಕ್ ಕೊಟ್ಟ ಮೇಲೆ ಸಾಮಾನ್ಯ. ಅದಕ್ಕೆ ಜಿಂಕ್ ಸಾಲದು. ವೈದ್ಯರು ಹೇಳಿದ ಕ್ಲೋಟ್ರಿಮಝೋಲ್‌ನಂಥ ಮದ್ದನ್ನು ತೆಳ್ಳಗೆ ಹಚ್ಚಿ, ಅದರ ಮೇಲೆ ಜಿಂಕ್ ಪೇಸ್ಟ್ ಹಾಕಬೇಕು. ಮೆಡಿಕಲ್ ಶಾಪಿನಲ್ಲಿ ಬರೇ ‘ಕೆಂಪಾಗಿದ್ದಕ್ಕೆ ಏನಾದರೂ ಕೊಡಿ’ ಎನ್ನಬೇಡಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಎಂದು ಬರೆದ ಮಿಶ್ರ ಕ್ರೀಮುಗಳಲ್ಲಿ ಬಲವಾದ ಸ್ಟೀರಾಯ್ಡ್ ಇದೆ. ಡಯಾಪರಿನ ಮುಚ್ಚಳದಡಿ ಅದು ಇನ್ನೂ ಹೆಚ್ಚು ಒಳಗೆ ಇಳಿದು ಚರ್ಮ ತೆಳುವಾಗಿಸುತ್ತದೆ.

ಕೀವು, ನೀರುಗುಳ್ಳೆ, ಜ್ವರ ಕಂಡರೆ ಕಾಯದೆ ಮಕ್ಕಳ ವೈದ್ಯರ ಬಳಿ ಹೋಗಿ. ಬಾಯಿಯ ಸುತ್ತ, ಕೈಕಾಲುಗಳಲ್ಲೂ ಅಂಥದೇ ಕೆಂಪು ಎದ್ದು ಭೇದಿಯೂ ನಿಲ್ಲದಿದ್ದರೆ ಮೈಯೊಳಗೇ ಸತುವಿನ (ಜಿಂಕ್) ಕೊರತೆ ಇರಬಹುದು. ಅದಕ್ಕೆ ಹೊಟ್ಟೆಗೆ ಕೊಡುವ ಸತುವೇ ಚಿಕಿತ್ಸೆ. ಟ್ಯೂಬ್ ಎಷ್ಟು ಖಾಲಿ ಮಾಡಿದರೂ ಗುಣವಾಗದು.